ತಾರಷಡ್ಜದ ಮುನಿಸು: ಒಂದು ಪಕ್ಕೆಲುಬಿನೊಡನೆ ಸಂದರ್ಶನ

ಶಿವರಾತ್ರಿ ಕಳೆದ ಏಳನೆಯ ದಿನ ಬೆಳಗ್ಗೆ, ವರ್ಷದ ಬಹುಭಾಗವನ್ನು ಬೀರುವಿನ ಮೇಲೆ ಯೋಗನಿದ್ರೆಯಲ್ಲಿ ಕಳೆಯುವ ನಮ್ಮ ಮನೆಯ ಹಿರಿಯ ತಂಬೂರಿಯನ್ನು, ರಾಮನವಮಿಯ ಕಛೇರಿಗೆ ಮೊದಲು ಧೂಳೊರೆಸಿ ತಂತಿ ಬದಲಾಯಿಸಬೇಕೆಂಬ ಸದುದ್ದೇಶದಿಂದ ಕೆಳಗಿಳಿಸಲು ಹೋಗಿ, ಹತ್ತಿದ್ದ ಮುಕ್ಕಾಲಿಯಿಂದ ನಾನು ಜಾರಿ ಬಿದ್ದೆ. ಬೀಳುವ ಅರೆಕ್ಷಣದಲ್ಲಿ ಮನುಷ್ಯನಿಗೆ ವಿವೇಚನೆಗೆ ಅವಕಾಶವಿರುವುದಿಲ್ಲ. ಸಂಸ್ಕಾರವೊಂದೇ ಕೆಲಸ ಮಾಡುತ್ತದೆ. ನನ್ನ ಸಂಸ್ಕಾರವು, ತೊಟ್ಟಿಲಿಂದ ಉರುಳುವ ಕೂಸನ್ನು ತಾಯಿ ಅವಚಿಕೊಳ್ಳುವಂತೆ, ತಂಬೂರಿಯ ಒಣಸೋರೆಯ ಬುರುಡೆಯನ್ನು ಎದೆಗವಚಿಕೊಂಡಿತು; ಮಂಚದ ಅಂಚಿಗೆ ಬಡಿದುದು ನನ್ನ ಎಡಪಕ್ಕೆ. ಬುರುಡೆಗೆ ಒಂದು ಗೀರೂ ಬೀಳಲಿಲ್ಲವೆಂದು ಮನೆಯವರೆಲ್ಲರೂ ಸಂತೋಷಪಟ್ಟರು.

ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು, "ಎಡಗಡೆಯ ಎಂಟನೆಯ ಪಕ್ಕೆಲುಬು ಬಿರುಕು ಬಿಟ್ಟಿದೆ, ಸ್ಥಾನಪಲ್ಲಟವಾಗಿಲ್ಲ, ಆರು ವಾರ ಹಿಡಿಯುತ್ತದೆ" ಎಂದರು. ಆರು ವಾರವೆಂದರೆ 42 ದಿನ. ರಾಮನವಮಿಗೆ ಉಳಿದಿದ್ದುದು 33. ನವಮಿಗೆ ಸರಿಯಾಗಿ ಒಂಬತ್ತು ದಿನ ಸಾಲದಾದ ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಡಿಸಿಕೊಂಡು, ಹೇಗಾದರೂ ಹಾಡಿಯೇ ತೀರುವೆನೆಂಬ ಹಠದಿಂದ ಎರಡು ವಾರ ಕಳೆದ ಮೇಲೆ, ಒಂದು ರಾತ್ರಿ ಮಗ್ಗುಲಾಗುವ ಮಹಾಕಾರ್ಯವನ್ನು ಅರ್ಧಕ್ಕೆ ಕೈಬಿಟ್ಟು ಮಲಗಿದ್ದಾಗ, ಎಡಗಡೆಯಿಂದ ತುಸು ಶ್ರುತಿ ತಪ್ಪಿದ ಒಂದು ದನಿ ಕೇಳಿಸಿತು. ಅಂದು ನಮ್ಮೊಳಗೆ ನಡೆದ ಸಂಭಾಷಣೆಯನ್ನು ಯಥಾವತ್ತಾಗಿ ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾನು: ಮಹಾಶಯರೇ, ಐವತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೂ ತಮ್ಮ ಪರಿಚಯ ಮಾಡಿಕೊಳ್ಳದೆ ಹೋದುದಕ್ಕೆ ಕ್ಷಮೆಯಿರಲಿ. ತಮ್ಮ ಕುಲಗೋತ್ರಗಳನ್ನು ದಯಮಾಡಿ ತಿಳಿಸಬೇಕು.

ಪಕ್ಕೆಲುಬು: ನಮ್ಮದು ಹನ್ನೆರಡು ಜೊತೆಯ, ಒಟ್ಟು 24 ಮಂದಿಯ ಅವಿಭಕ್ತ ಕುಟುಂಬ. ಹಿಂದುಗಡೆ ಎಲ್ಲರೂ ಬೆನ್ನೆಲುಬಿಗೆ ನಡೆದುಕೊಳ್ಳುವವರೇ, ತಾರತಮ್ಯವಿರುವುದು ಮುಂದುಗಡೆ. ಮೇಲಿನ ಏಳು ಜೊತೆಯವರು ಎದೆಮೂಳೆಯೆಂಬ ಅಧ್ಯಕ್ಷಪೀಠಕ್ಕೆ ನೇರವಾಗಿ ಅಂಟಿಕೊಂಡವರು, ನಿಮ್ಮ ಸಂಗೀತಸಭೆಗಳ ಆಜೀವ ಸದಸ್ಯರಿದ್ದಂತೆ. ಎಂಟು, ಒಂಬತ್ತು, ಹತ್ತನೆಯವರಾದ ನಮಗೆ ನೇರಪ್ರವೇಶವಿಲ್ಲ. ಮೇಲಿನವನ ಮೃದ್ವಸ್ಥಿಯನ್ನು ಹಿಡಿದು, ಅವನ ವಶೀಲಿಯಿಂದ ಅಷ್ಟಿಷ್ಟು ಸಂಬಂಧ ಇಟ್ಟುಕೊಂಡಿದ್ದೇವೆ. ಕೊನೆಯ ಎರಡು ಜೊತೆಗೆ ಆ ವಶೀಲಿಯೂ ಇಲ್ಲದೆ ಅವು ತೇಲುವ ಪಕ್ಕೆಲುಬುಗಳೆನಿಸಿವೆ. ಶರೀರಶಾಸ್ತ್ರಜ್ಞರು ಮೇಲಿನ ಏಳನ್ನು ನಿಜವೆಂದೂ ನಮ್ಮನ್ನು ಹುಸಿಯೆಂದೂ ವರ್ಗೀಕರಿಸಿದ್ದಾರೆ. ನಾನು ಹುಸಿಯಂತೆ! ಈ ಎರಡು ವಾರದ ನೋವು ನಿಜವೋ ಹುಸಿಯೋ ಎಂಬುದನ್ನು ತಾವೇ ಹೇಳಬೇಕು.

ನಾನು: ಬೇಸರ ಬೇಡ. ಸ್ವರಗಳೂ ಏಳೇ, ಅವು ಮುಗಿದ ಮೇಲೆ ಬರುವ ಎಂಟನೆಯದು ತಾರಷಡ್ಜ. ಗಾಯಕನು ಅಲ್ಲಿಗೇರಿ ನಿಂತಾಗಲೇ ಸಭೆ ತಲೆದೂಗುವುದು.

ಪಕ್ಕೆಲುಬು: ಮಾತು ಹಿತವಾಗಿದೆ. ಆದರೆ ಆ ತಾರಷಡ್ಜವನ್ನು ತಾವು ಮಂಚದ ಅಂಚಿನ ಮೇಲೆ ಮುಟ್ಟಿದಿರಿ. ಕೇಳುತ್ತೇನೆ, ಬೇಸರಿಸಬಾರದು: ಆ ತಂಬೂರಿಯನ್ನು ತಾವು ಕಡೆಯ ಬಾರಿ ಮೀಟಿಸಿದುದು ಯಾವಾಗ?

ನಾನು: ವೇದಿಕೆಯ ಮೇಲೆ ಅದು ಇದ್ದೇ ಇರುತ್ತದೆ. ಹಿಂದೆ ಕುಳಿತ ಶಿಷ್ಯ ಮೀಟುತ್ತಾನೆ.

ಪಕ್ಕೆಲುಬು: ಮೀಟುತ್ತಾನೆ, ಶ್ರುತಿಯನ್ನು ಮಾತ್ರ ತಮ್ಮ ತೊಡೆಯ ಬಳಿ ಇರುವ ವಿದ್ಯುತ್ ಪೆಟ್ಟಿಗೆ ಕೊಡುತ್ತದೆ. ಅಲಂಕಾರಕ್ಕೆಂದು ಒರಗಿಸುವ ಒಂದು ಸೋರೆಬುರುಡೆಯನ್ನು ಉಳಿಸಲು ಪ್ರಾಣವನ್ನು ಹೊರುವ ಎಲುಬನ್ನು ಒಡ್ಡಿದಿರಿ. ಬಸವಣ್ಣನವರು ತಮ್ಮ ದೇಹವನ್ನೇ ದಂಡಿಗೆಯಾಗಿಸು, ತಲೆಯನ್ನು ಸೋರೆಯಾಗಿಸು ಎಂದು ಕೂಡಲಸಂಗಮನಲ್ಲಿ ಮೊರೆಯಿಟ್ಟರು. ತಾವು ಆ ವಚನವನ್ನು ಮೊನ್ನೆ ಅಕ್ಷರಶಃ ಆಚರಿಸಿದಿರಿ: ತಲೆಯಿರಬೇಕಾದೆಡೆಯಲ್ಲಿ ಸೋರೆಯಿತ್ತು.

ಈ ಮಾತಿಗೆ ನನಗೆ ನಗು ಬಂದಿತು. ನಗುವಿನೊಡನೆ ಕಣ್ಣಲ್ಲಿ ನೀರೂ ಬಂದಿತು. ಪಕ್ಕೆಲುಬು ಮುರಿದವನಿಗೆ ಕೆಮ್ಮು, ಸೀನು, ನಗು ಈ ಮೂರೂ ಒಂದೇ ಶತ್ರುವಿನ ಮೂರು ವೇಷಗಳು. ಪಕ್ಕದಲ್ಲಿದ್ದ ದಿಂಬನ್ನು ಎಡಪಕ್ಕೆಗೆ ಒತ್ತಿ ಹಿಡಿದುಕೊಂಡು, ವೈದ್ಯರು ಕಲಿಸಿದ್ದಂತೆ ಸುಧಾರಿಸಿಕೊಂಡೆ.

ನಾನು: ಪ್ರಾಣವನ್ನು ಹೊರುತ್ತೇನೆ ಎಂದಿರಿ. ಲೋಕದ ನಂಬಿಕೆಯಲ್ಲಿ ಹಾಡುವುದು ಕಂಠವಲ್ಲವೇ?

ಪಕ್ಕೆಲುಬು: ಕಂಠಕ್ಕೆ ಕಲ್ಕಂಡ, ಜ್ಯೇಷ್ಠಮಧು, ಶುಂಠಿಯ ಕಷಾಯ, ನಮಗೆ ಒಂದು ಗುಟುಕು ನೀರಿನ ಮರ್ಯಾದೆಯೂ ಇಲ್ಲ. ನಾದವೆಂಬ ಪದದಲ್ಲಿ ನಕಾರ ಪ್ರಾಣವಾಯುವೆಂದೂ ದಕಾರ ಅಗ್ನಿಯೆಂದೂ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ಸಂಗೀತರತ್ನಾಕರದಲ್ಲಿ ಹೇಳಿದ್ದಾನೆ. ಆ ಅಗ್ನಿಗೆ ಗಾಳಿಯೂದುವ ತಿದಿ ನಾವು. ತಾವು ಉಸಿರೆಳೆದಾಗ ವಪೆಯು ಕೆಳಗಿಳಿಯುತ್ತದೆ. ಆ ವಪೆಗೆ ಹಿಡಿತ ಕೊಟ್ಟಿರುವವರಲ್ಲಿ ನಾನೂ ಒಬ್ಬ. ಅದೇ ಕ್ಷಣದಲ್ಲಿ, ಕೆಳಗೆ ಬಿದ್ದಿದ್ದ ಬಕೆಟ್ಟಿನ ಹಿಡಿಯನ್ನು ಎತ್ತಿದಂತೆ, ನಾನು ಪಕ್ಕಕ್ಕೂ ಮೇಲಕ್ಕೂ ಏಳುತ್ತೇನೆ. ಹಾಗೆದ್ದವನು ಥಟ್ಟನೆ ಕುಸಿಯದೆ, ಗಾಳಿಯನ್ನು ಎಳೆ ಎಳೆಯಾಗಿ ಬಿಟ್ಟುಕೊಡುತ್ತ ಮೆಲ್ಲಗೆ ಇಳಿದರೇನೇ ತಮ್ಮ ತೋಡಿಯ ಗಾಂಧಾರಕ್ಕೆ ಆ ತೂಗಾಟ. ಚಪ್ಪಾಳೆಯಾದಾಗ ತಾವು ಗಂಟಲನ್ನು ಸವರಿಕೊಳ್ಳುತ್ತೀರಿ.

ನಾನು: ಅಪರಾಧವಾಯಿತು. ಆದರೂ ಕೈಮೂಳೆ ಮುರಿದವರು ಬೇಗನೆ ಓಡಾಡುತ್ತಾರೆ. ತಮಗೇಕೆ ಇಷ್ಟು ಆಡಂಬರ?

ಪಕ್ಕೆಲುಬು: ಕೈಮೂಳೆಗೆ ಸಿಮೆಂಟಿನ ಪಟ್ಟಿ ಹಾಕಿ, ಕೊರಳಿಗೆ ಜೋಲಿ ಕಟ್ಟಿ, ರಜೆ ಕೊಡುತ್ತೀರಿ. ನನಗೆ ರಜೆಯೆಲ್ಲಿ? ಅಜಪಾಜಪದ ಲೆಕ್ಕದಲ್ಲಿ ಮನುಷ್ಯನು ದಿನಕ್ಕೆ 21,600 ಬಾರಿ ಉಸಿರಾಡುತ್ತಾನೆ. ನಿಮಿಷಕ್ಕೆ ಹದಿನೈದು ಎಂದು ಇಂದಿನ ವೈದ್ಯರು ಎಣಿಸಿದರೂ ಅಷ್ಟೇ ಬರುತ್ತದೆ. ಆರು ವಾರಕ್ಕೆ 9,07,200 ಆಯಿತು. ಅಷ್ಟು ಸಲ ಎದ್ದು ಕೂತು ಮಾಡುತ್ತಲೇ ನಾನು ನನ್ನ ಬಿರುಕನ್ನು ಬೆಸೆದುಕೊಳ್ಳಬೇಕು. ಮೊದಲು ಹೆಪ್ಪುಗಟ್ಟಿದ ರಕ್ತ, ಎರಡು ಮೂರು ವಾರದಲ್ಲಿ ಅದರ ಸುತ್ತ ಮೆದುವಾದೊಂದು ಗಂಟು, ತರುವಾಯ ಆ ಗಂಟಿಗೆ ಸುಣ್ಣದ ಅಂಶ ಸೇರಿ ಎಲುಬಿನ ಗಟ್ಟಿತನ. ಇದು ವಿಳಂಬಕಾಲದ ಕೃತಿ, ವಿದ್ವಾಂಸರೇ. ಇದನ್ನು ದ್ರುತಕ್ಕೆ ಎತ್ತಿಕೊಳ್ಳುವ ಲಯಸಿಂಹ ಇನ್ನೂ ಹುಟ್ಟಿಲ್ಲ.

ನಾನು: ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎದುರುಮನೆಯವರು ಪುತ್ತೂರು ಕಟ್ಟು ಹಾಕಿಸಿ ಎನ್ನುತ್ತಾರೆ. ನಮ್ಮ ಸೋದರಮಾವನವರು ಎದೆಯ ಸುತ್ತ ಬಿಗಿಯಾಗಿ ಪಟ್ಟಿ ಸುತ್ತಿಸಿ ಎನ್ನುತ್ತಾರೆ. ಮೃದಂಗದವರು ಎಳ್ಳೆಣ್ಣೆ ಹಚ್ಚಿ ತಿಕ್ಕಿಸಿ ಎನ್ನುತ್ತಾರೆ.

ಪಕ್ಕೆಲುಬು: ಮೃದಂಗದವರಿಗೆ ಯಾವುದನ್ನು ಕಂಡರೂ ತಟ್ಟಿ ತಿಕ್ಕಿ ಹದಮಾಡುವ ಅಭ್ಯಾಸ, ಅವರನ್ನು ಕ್ಷಮಿಸೋಣ. ಕಟ್ಟುವ ಮಾತು ಹೇಳುತ್ತೇನೆ. ಕೈಕಾಲಿಗೆ ಕಟ್ಟಿದರೆ ಎಲುಬು ನಿಲ್ಲುತ್ತದೆ. ನನಗೆ ಕಟ್ಟಿದರೆ ಉಸಿರು ನಿಲ್ಲುತ್ತದೆ. ಹಿಂದೆ ವೈದ್ಯರೇ ಅಂಟುಪಟ್ಟಿ ಬಿಗಿದು ಕಳುಹಿಸುತ್ತಿದ್ದರು. ಹಾಗೆ ಬಿಗಿದಾಗ ಉಸಿರು ಮೇಲುಮೇಲಕ್ಕೆ ಆಡಿ, ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುವುದನ್ನು ಕಂಡು ಆ ಪದ್ಧತಿಯನ್ನು ಬಿಟ್ಟರು. ತಮಗೆ ಕೊಟ್ಟಿರುವ ನೋವಿನ ಗುಳಿಗೆ ಇರುವುದೂ ಅದಕ್ಕಾಗಿಯೇ: ನೋವಿಗೆ ಹೆದರಿ ಉಸಿರನ್ನು ಮೊಟಕುಗೊಳಿಸದೆ, ಗಂಟೆಗೊಮ್ಮೆ ಆಳವಾಗಿ ಎಳೆದು ಬಿಡುವಂತಾಗಲಿ ಎಂದು. ಹಾಗೆ ಉಸಿರೆಳೆಯುವ ಅಭ್ಯಾಸಕ್ಕೆಂದು ಕೊಟ್ಟ ಮೂರು ಗೋಲಿಗಳ ಪ್ಲಾಸ್ಟಿಕ್ ಯಂತ್ರವನ್ನು ತಾವು ಮೊಮ್ಮಗನಿಗೆ ಆಡಲು ಕೊಟ್ಟಿರುವುದು ನನಗೆ ಗೊತ್ತಿದೆ. ನಾಳೆ ಬೆಳಗ್ಗೆ ಅದನ್ನು ಇಸಿದುಕೊಳ್ಳಬೇಕು. ಜ್ವರ ಬಂದರೆ, ಏದುಸಿರು ಹೆಚ್ಚಿದರೆ, ಕಫದಲ್ಲಿ ರಕ್ತ ಕಂಡರೆ ನನ್ನೊಡನೆ ಸಂವಾದ ಬೇಡ. ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು.

ನಾನು: ಒಪ್ಪಿದೆ. ಈಗ ಮುಖ್ಯ ವಿಷಯಕ್ಕೆ ಬರೋಣ. ಅದೇ ಗುಳಿಗೆಯನ್ನು ಎರಡು ಹೆಚ್ಚಿಗೆ ನುಂಗಿ ನವಮಿಯ ದಿನ ಹಾಡಿಬಿಟ್ಟರೆ ಹೇಗೆ?

ಪಕ್ಕೆಲುಬು: ನೋವೆಂಬುದು ನಾನು ಕೊಡುವ ಶ್ರುತಿ. ಶ್ರುತಿಪೆಟ್ಟಿಗೆಯ ಗುಂಡಿಯನ್ನು ಆರಿಸಿ, ಇನ್ನು ಅಪಶ್ರುತಿಯ ಭಯವಿಲ್ಲವೆಂದು ಹಾಡಲು ಕೂಡುವ ವಿದ್ವಾಂಸನಿಗೆ ತಾವು ಏನೆನ್ನುವಿರಿ? ಆಯುರ್ವೇದದವರು ಮಾತೆತ್ತಿದರೆ ಒಂದು ಮಂಡಲ, 48 ದಿನ ಎನ್ನುತ್ತಾರೆ, ಅದಕ್ಕೆ ತಲೆಬಾಗುತ್ತೀರಿ. ನಾನು 42 ಕೇಳಿದರೆ ತರಕಾರಿ ಸಂತೆಯಂತೆ ಚೌಕಾಶಿಗೆ ನಿಲ್ಲುತ್ತೀರಿ.

ನಾನು: ಕಾರ್ಯದರ್ಶಿಗಳು ಆಹ್ವಾನಪತ್ರಿಕೆ ಅಚ್ಚಾಗಿದೆ ಎನ್ನುತ್ತಾರೆ. ಚಪ್ಪರ ತುಂಬುವ ದಿನ ಅದು. ಕೊನೆಯ ಸಾಲಿಗೆ, ಪಾನಕ ಕೋಸಂಬರಿ ಹಂಚುವೆಡೆಯ ಪರ್ಯಂತ ನಾದ ಮುಟ್ಟಬೇಡವೇ?

ಪಕ್ಕೆಲುಬು: ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಹಿರಿಯರು ಚಪ್ಪರ ತುಂಬಿಸಲು ನಮ್ಮನ್ನು ನಂಬಿದ್ದರು, ಆ ಹಕ್ಕು ಅವರಿಗಿತ್ತು. ಮೈಸೂರಿನ ಚೌಡಯ್ಯನವರು ತಮ್ಮ ಪಿಟೀಲು ದೂರದವರೆಗೆ ಕೇಳಿಸಲೆಂದು ಏಳು ತಂತಿಗಳನ್ನು ಕಟ್ಟಿದರು. ಹೆಚ್ಚಿನ ಹೊರೆಯನ್ನು ಮರದ ಮೇಲೆ ಹೇರಿದರೇ ಹೊರತು ಮೂಳೆಯ ಮೇಲಲ್ಲ. ಈಗ ತಮ್ಮ ಮುಂದೆ ಮೂರು ಮೈಕುಗಳಿವೆ, ಬೀದಿಯ ತಿರುವಿನವರೆಗೆ ಧ್ವನಿವರ್ಧಕಗಳಿವೆ. ಆದರೂ ತಾವು ಪಲ್ಲವಿಯ ಮೂರನೆಯ ಕಾಲದಲ್ಲಿ ಹೊರಡಿಸುವ ಆರ್ಭಟವಿದೆಯಲ್ಲ, ಅದು ಕೊನೆಯ ಸಾಲಿಗಲ್ಲ. ಮೊದಲನೆಯ ಸಾಲಿನಲ್ಲಿ ಕೂಡುವ ಇತರ ವಿದ್ವಾಂಸರಿಗೆ.

ನಾನು ತಡೆದು ಉತ್ತರಿಸಬೇಕೆಂದು ಉಸಿರೆಳೆದೆ; ಎಳೆದ ಉಸಿರು ಅರ್ಧದಲ್ಲೇ ಚುಚ್ಚಿ ನಿಂತಿತು. ಎದುರಾಳಿಯ ಉಸಿರಿನ ಬೀಗದ ಕೈಯನ್ನೇ ಹಿಡಿದುಕೊಂಡು ವಾದಿಸುವವನೊಡನೆ ಯಾರು ಗೆದ್ದಾರು?

ನಾನು: ಹಾಗಾದರೆ ಈ ದಿನಗಳಲ್ಲಿ ನಾನು ಸಂಗೀತವನ್ನೇ ಮರೆತು ಕೂಡಬೇಕೇ?

ಪಕ್ಕೆಲುಬು: ಅದೇಕೆ? ಬೆನ್ನಿಗೆ ದಿಂಬು ಕೊಟ್ಟು ಕುಳಿತು, ಉಳಿಸಿದ ಆ ತಂಬೂರಿಯನ್ನು ಒಮ್ಮೆಯಾದರೂ ತಾವೇ ಮೀಟಿ ಕೇಳಿ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಜೀವಾಳವೆಂಬ ನೂಲಿನ ಎಳೆ ಕೂದಲೆಳೆಯಷ್ಟು ಸರಿದರೆ ನಾದಕ್ಕೆ ಜೀವ ಬರುವುದನ್ನೂ ಹೋಗುವುದನ್ನೂ ಗಮನಿಸಿ. ಸಣ್ಣವರ ಸ್ಥಾನಮಾನ ಆಗ ತಿಳಿದೀತು. ಉಸಿರು ಒಪ್ಪಿದಷ್ಟು ಮಂದ್ರದಲ್ಲಿ ಗುನುಗಿ. ಸಾಹಿತ್ಯವನ್ನು ಬಾಯಿಬಿಡದೆ ಮನನ ಮಾಡಿ. ಮೂವತ್ತು ವರ್ಷ ಹಾಡಿದ ಕೃತಿಯಲ್ಲಿ ಯಾವ ಪದವನ್ನು ಎಲ್ಲಿ ಅರ್ಥಗೆಡುವಂತೆ ಒಡೆಯುತ್ತಿದ್ದಿರೆಂಬುದು ಗೊತ್ತಾಗುತ್ತದೆ. ಉಸಿರು ಗಿಡ್ಡವಾದವನು ಎಲ್ಲಿ ನಿಲ್ಲಬೇಕೆಂದು ಯೋಚಿಸಲೇಬೇಕು. ಇಷ್ಟು ಕಾಲ ತಾವು ಉಸಿರು ಮುಗಿದಲ್ಲಿ ನಿಂತಿರಿ. ಇನ್ನು ಮೇಲೆ ಅರ್ಥ ಮುಗಿದಲ್ಲಿ ನಿಲ್ಲಿ. ನನ್ನಿಂದ ತಮಗೆ ಒಂದು ಉಪಕಾರವಾಗುವುದಾದರೆ ಇದೇ.

ನಾನು: ಕಡೆಯದಾಗಿ, ಕಾರ್ಯದರ್ಶಿಗಳಿಗೆ ಏನು ಬರೆಯಲಿ?

ಪಕ್ಕೆಲುಬು: ಮೂಳೆಯೊಂದು ಒಪ್ಪಲಿಲ್ಲವೆಂದು ಬರೆಯಿರಿ. ನವಮಿಯಿಂದ ಒಂಬತ್ತು ದಿನದಾಚೆಗೆ ಯಾವ ತಾರೀಖಾದರೂ ಸರಿ ಎನ್ನಿ. ರಾಮೋತ್ಸವಗಳು ನವಮಿಯೊಂದು ದಿನಕ್ಕೆ ಮುಗಿಯುವುದಿಲ್ಲ. ರಾಮನೂ ಪಟ್ಟಾಭಿಷೇಕಕ್ಕೆ ಹದಿನಾಲ್ಕು ವರ್ಷ ಕಾದವನು.

ಮರುದಿನ ಹಾಗೆಯೇ ಬರೆದೆ. ಮೂರು ದಿನದಲ್ಲಿ ಉತ್ತರ ಬಂದಿತು: ನವಮಿಯ ಸಂಜೆಯನ್ನು ಬೇರೊಬ್ಬರಿಗೆ ಕೊಟ್ಟಿರುವುದಾಗಿಯೂ, ಅದಾದ ಹನ್ನೆರಡನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ, ಚಪ್ಪರದಲ್ಲಿ ಬಿಸಿಲು ಇರುವಾಗ, ನನಗೆ ಒಂದೂವರೆ ಗಂಟೆಯ ಅವಕಾಶ ಕಲ್ಪಿಸಿರುವುದಾಗಿಯೂ ಕಾರ್ಯದರ್ಶಿಗಳು ತಿಳಿಸಿದ್ದರು. ಅದು ಬೆಳೆಯುವ ಹುಡುಗರಿಗೆ ಕೊಡುವ ಹೊತ್ತು. ಅವಮಾನವಾಯಿತೆಂದು ನಿಟ್ಟುಸಿರಿಡಲು ಹೋದೆ; ಎಡಗಡೆಯಿಂದ ಅನುಮತಿ ಸಿಗಲಿಲ್ಲ. ಒಪ್ಪಿಗೆಯ ಕಾಗದ ಹಾಕಿದೆ.

ಆ ಮಧ್ಯಾಹ್ನ ಬರುವ ರಸಿಕರಲ್ಲಿ ನನ್ನದೊಂದು ವಿಜ್ಞಾಪನೆ. ದಯಮಾಡಿ ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನು ನಗಿಸಬೇಡಿ. ಕೃತಿಯ ನಡುವೆ ನಾನು ಸುಮ್ಮನಾದರೆ ಮರೆತನೆಂದು ಭಾವಿಸಬೇಡಿ. ದೀರ್ಘವಾದ ಪಲ್ಲವಿಯೇ ಬೇಕೆಂದು ಚೀಟಿ ಕಳುಹಿಸುವವರು ಅದರ ಮೇಲೆ ನನ್ನ ಹೆಸರು ಬರೆಯದೆ, ಎಡಗಡೆಯ ಎಂಟನೆಯವರ ಸನ್ನಿಧಿಗೆ ಎಂದು ವಿಳಾಸ ಬರೆಯತಕ್ಕದ್ದು.