ಇಂದ್ರನ ಅಪ್ಪಣೆ ಇಲ್ಲದೆ

ದೇವೇಂದ್ರನಷ್ಟು ಕುರ್ಚಿಯ ಭಯವಿರುವ ಅಧಿಕಾರಿ ಮೂರು ಲೋಕದಲ್ಲೂ ಇನ್ನೊಬ್ಬನಿಲ್ಲ. ಭೂಮಿಯ ಮೇಲೆ ಯಾವನೋ ಒಬ್ಬ ಗಡ್ಡ ಬಿಟ್ಟು ಒಂಟಿಕಾಲಲ್ಲಿ ನಿಂತನೆಂದರೆ ಇವನಿಗೆ ಅಮರಾವತಿಯಲ್ಲಿ ಊಟ ಸೇರುವುದಿಲ್ಲ. ಕೈಯಲ್ಲಿ ವಜ್ರಾಯುಧವಿದೆ, ಬಾಗಿಲಲ್ಲಿ ಐರಾವತವಿದೆ, ಮಳೆ ಗುಡುಗು ಸಿಡಿಲು ಎಲ್ಲ ಅವನ ಕೈಕೆಳಗೇ. ಆದರೂ ತಪಸ್ವಿಯನ್ನು ಎಬ್ಬಿಸಬೇಕಾದಾಗ ಇವು ಯಾವುದನ್ನೂ ಅವನು ನೆಚ್ಚುವುದಿಲ್ಲ. ಒಬ್ಬಳು ಹೆಂಗಸನ್ನು ಕಳಿಸುತ್ತಾನೆ. ವೃತ್ರನನ್ನು ಕೊಂದ ಆಯುಧದ ಕೈಲಾಗದ್ದು ಒಂದು ಸೆರಗಿನಿಂದ ಆದೀತು ಎಂದು ದೇವರಾಜನೇ ಒಪ್ಪಿಕೊಂಡಿರುವಾಗ, ಗಂಡಸಿನ ಮೇಲೆ ಹೆಣ್ಣಿಗಿರುವ ಹಿಡಿತದ ಬಗ್ಗೆ ನಮ್ಮ ಕವಿಗಳಿಗೆ ಅನುಮಾನವಿತ್ತು ಎನ್ನುವ ಹಾಗೇ ಇಲ್ಲ.

ಆದರೆ ಹೀಗೆ ಹೋದ ಹೆಂಗಸರ ಪಾಡನ್ನೂ ಸ್ವಲ್ಪ ನೋಡಬೇಕು. ಮಹಾಭಾರತದ ಮೇನಕೆಗೆ ವಿಶ್ವಾಮಿತ್ರನ ಹತ್ತಿರ ಹೋಗಲು ಚೂರೂ ಇಷ್ಟವಿಲ್ಲ. ಆ ಮನುಷ್ಯ ಮಹಾ ಮುಂಗೋಪಿ, ಸುಟ್ಟುಬಿಟ್ಟರೆ ಏನು ಗತಿ ಎಂದು ಇಂದ್ರನ ಮುಂದೆ ಅಳಲು ತೋಡಿಕೊಳ್ಳುತ್ತಾಳೆ. ಹೋಗಲೇಬೇಕೆಂದಾದರೆ ಸೀರೆ ಹಾರಿಸುವುದಕ್ಕೆ ವಾಯುವನ್ನೂ ಜೊತೆಗಿರಲು ಮನ್ಮಥನನ್ನೂ ಕೊಡು ಎಂದು ಕೇಳುತ್ತಾಳೆ. ಸಿಬ್ಬಂದಿ ಮಂಜೂರಾದ ಮೇಲೆಯೇ ಅವಳು ಹೊರಟದ್ದು. ರಾಮಾಯಣದ ರಂಭೆ ಅಷ್ಟು ಜಾಣೆಯಲ್ಲ, ಅಥವಾ ಅವಳ ಅದೃಷ್ಟ ಚೆನ್ನಾಗಿರಲಿಲ್ಲ. ಅದೇ ಮುನಿಯ ಹತ್ತಿರ ಅದೇ ಕೆಲಸಕ್ಕೆ ಹೋಗಿ, ಹತ್ತು ಸಾವಿರ ವರ್ಷ ಕಲ್ಲಾಗಿ ಬಿದ್ದಿರು ಎಂಬ ಶಾಪ ಪಡೆದಳು. ಡ್ಯೂಟಿ ಮೇಲೆ ಹೋದವಳಿಗೆ ಶಿಕ್ಷೆ. ಆರ್ಡರ್ ಕೊಟ್ಟವನಿಗೆ ಒಂದು ಮೆಮೊ ಕೂಡ ಇಲ್ಲ. ನಾನೂ ಸರಕಾರಿ ಕಚೇರಿಯಲ್ಲಿ ಬಹಳ ಕಾಲ ಗುಮಾಸ್ತೆಯಾಗಿದ್ದವಳು. ಹಾಗಾಗಿ ವಾಲ್ಮೀಕಿಯ ಈ ಭಾಗ ನನಗೆ ತುಂಬ ವಾಸ್ತವವಾದಿ ಬರವಣಿಗೆಯಂತೆ ಕಾಣುತ್ತದೆ.

ಪಂಪನ ನೀಲಾಂಜನೆಯದು ಇದಕ್ಕೆ ತಿರುಗುಮುರುಗಾದ ಕೆಲಸ. 941ರಲ್ಲಿ ಬರೆದ ಆದಿಪುರಾಣದಲ್ಲಿ ಇಂದ್ರನಿಗೆ ಬೇಕಾದದ್ದು ತಪಸ್ಸು ಕೆಡಿಸುವುದಲ್ಲ, ಶುರುಮಾಡಿಸುವುದು. ಭೋಗದಲ್ಲಿ ಮುಳುಗಿರುವ ವೃಷಭನಾಥನಿಗೆ ವೈರಾಗ್ಯ ಹುಟ್ಟಬೇಕು. ಅದಕ್ಕಾಗಿ ಆಯುಷ್ಯ ಇನ್ನೇನು ಮುಗಿಯುತ್ತಿರುವ ನರ್ತಕಿಯನ್ನೇ ಹುಡುಕಿ ಕಳಿಸುತ್ತಾನೆ. ಸಭೆಯ ನಡುವೆ ಕುಣಿಯುತ್ತ ಕುಣಿಯುತ್ತಲೇ ಅವಳು ಮಿಂಚಿನಂತೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ತಕ್ಷಣ ಅದೇ ರೂಪಿನ ಇನ್ನೊಬ್ಬಳನ್ನು ಅದೇ ಹೆಜ್ಜೆಗೆ ನಿಲ್ಲಿಸುತ್ತಾನೆ. ಸಭೆಗೆಲ್ಲ ಅದು ತಿಳಿಯಲಿಲ್ಲ, ವೃಷಭನಿಗೆ ತಿಳಿಯಿತು. ಅವನು ಸಂಸಾರದ ಅನಿತ್ಯವನ್ನು ಕಂಡುಕೊಂಡು ತೀರ್ಥಂಕರನಾದ. ಓದಿದಾಗಲೆಲ್ಲ ನನ್ನ ಮನಸ್ಸು ಮಾತ್ರ ಆ ಎರಡನೆಯವಳ ಹತ್ತಿರ ನಿಂತುಬಿಡುತ್ತದೆ. ಗೆಳತಿ ಸತ್ತ ಜಾಗದಲ್ಲಿ, ಅವಳ ತಾಳ ತಪ್ಪದ ಹಾಗೆ, ಅವಳದೇ ನಗುವನ್ನು ಮುಖಕ್ಕೆ ತಂದುಕೊಂಡು ಕುಣಿದವಳು ಅವಳು. ಅವಳ ಹೆಸರನ್ನೂ ಯಾರೂ ಕೇಳಲಿಲ್ಲ.

ಇನ್ನು ಗಂಡಸನ್ನು ಸಂಪೂರ್ಣ ನಾಶಮಾಡಿದ ಸುಂದರಿ ಯಾರು? ನಮ್ಮ ಮಲೆನಾಡಿನ ಕಡೆ ಯಕ್ಷಗಾನದ ಆಟ ನೋಡಿ ಬೆಳೆದ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಮೋಹಿನಿ. ಬೆಳಗಿನ ಜಾವದ ಹೊತ್ತಿಗೆ ಭಸ್ಮಾಸುರ ಅವಳ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಅವಳು ಸೊಂಟಕ್ಕೆ ಕೈಯಿಟ್ಟರೆ ತಾನೂ ಇಟ್ಟು, ಅವಳು ತಲೆಗೆ ಕೈಯಿಟ್ಟಾಗ ತಾನೂ ಇಟ್ಟು ಬೂದಿಯಾಗುತ್ತಾನೆ. ಆಮೇಲೆ ಚೌಕಿಯ ಕಡೆ ಹೋದರೆ ಮೋಹಿನಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬೀಡಿ ಸೇದುತ್ತ ಕೂತಿರುವುದನ್ನು ನಾವು ಕಂಡಿದ್ದೇವೆ. ಸ್ತ್ರೀವೇಷದ ಒಳಗೆ ಗಂಡಸು, ಆ ಮೋಹಿನಿಯ ಒಳಗೆ ವಿಷ್ಣು, ಪ್ರಸಂಗ ಬರೆದವನೂ ಗಂಡಸು. ಹೆಂಗಸು ಎಲ್ಲಿಯೂ ಇಲ್ಲ. ಕೀಚಕನ ಕಥೆಯೂ ಹೀಗೆಯೇ. ಕುಮಾರವ್ಯಾಸನ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿ ದುಃಖ ಹೇಳಿಕೊಂಡದ್ದು ನಿಜ. ಆದರೆ ನಾಟ್ಯಶಾಲೆಯ ಕತ್ತಲಲ್ಲಿ ಕೀಚಕ ಆಸೆಯಿಂದ ತಡವಿದ್ದು ಹೆಣ್ಣುಡುಗೆ ತೊಟ್ಟ ಭೀಮಸೇನನನ್ನು. ಗಂಡಸನ್ನು ಕೊಂದ ನಮ್ಮ ದೊಡ್ಡ ದೊಡ್ಡ ‘ಸುಂದರಿಯರ’ ಪಟ್ಟಿ ಹಾಕಿದರೆ ಅರ್ಧಕ್ಕರ್ಧ ಮೀಸೆ ಇರುವವರೇ ಸಿಗುತ್ತಾರೇನೋ.

ಈ ಮಾತನ್ನು ಒಮ್ಮೆ ಕಾಫಿ ಕುಡಿಯುವಾಗ ನಮ್ಮ ಮನೆಯವರ ಮುಂದೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, “ಅಂದರೆ ಹೆಂಗಸರಿಗೆ ಅಂಥ ಶಕ್ತಿಯೇ ಇಲ್ಲ ಅಂತಲಾ?” ಎಂದರು. ದನಿಯಲ್ಲಿ ಸ್ವಲ್ಪ ಸಮಾಧಾನವಿದ್ದಂತೆ ಕಂಡಿತು.

“ಹಾಗಲ್ಲ. ಶಕ್ತಿ ಇದೆ ಅಂತ ಎಲ್ಲರೂ ಒಪ್ತಾರೆ. ಅದನ್ನ ದೇವತೆಗಳ ಕೆಲಸಕ್ಕೆ ಬಳಸಿದರೆ ತಕರಾರಿಲ್ಲ. ತನಗೆ ಅಂತ ಏನಾದರೂ ಬೇಕು ಅಂದಳೋ, ಆವಾಗ ನೋಡಿ ಗಲಾಟೆ.”

“ಉದಾಹರಣೆ ಕೊಡು,” ಎಂದು ಪೇಪರು ಮಡಿಸಿಟ್ಟರು. ನಿವೃತ್ತರಾದ ಮೇಲೆ ಅವರಿಗೆ ಎಲ್ಲದಕ್ಕೂ ಉದಾಹರಣೆ ಬೇಕು. ನಾನು ಅಮೃತಮತಿಯ ಹೆಸರು ಹೇಳಿದೆ.

ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆ ನಮಗೆ ಬಿ.ಎ.ಗೆ ಪಠ್ಯವಾಗಿತ್ತು. ರಾಣಿಯ ಭಾಗ ಬಂದಾಗ ಮೇಷ್ಟ್ರು ಹುಡುಗಿಯರ ಬೆಂಚಿನ ಕಡೆ ನೋಡಿ, ಕನ್ನಡಕ ಒರೆಸಿ, “ಇದು ಸುಲಭ ಇದೆ, ನೀವೇ ಓದಿಕೊಳ್ಳಿ” ಎಂದು ನೇರ ಹಿಟ್ಟಿನ ಕೋಳಿಗೆ ದಾಟಿಬಿಟ್ಟರು. ಇಡೀ ಪಠ್ಯದಲ್ಲಿ ಆ ಭಾಗದಷ್ಟು ಶ್ರದ್ಧೆಯಿಂದ ನಾವು ಬೇರೇನನ್ನೂ ಓದಿಕೊಳ್ಳಲಿಲ್ಲ.

ಉಜ್ಜಯಿನಿಯ ಅರಮನೆ. ಅರಸ ಯಶೋಧರ ರಾಣಿಯ ಮಗ್ಗುಲಲ್ಲೇ ಮಲಗಿದ್ದಾನೆ. ಆನೆಲಾಯದಿಂದ ಯಾರೋ ಹಾಡುವ ದನಿ ತೇಲಿ ಬರುತ್ತದೆ. ಅಮೃತಮತಿ ಮನಸೋತದ್ದು ಆ ದನಿಗೆ. ಆಳನ್ನು ಅವಳಿನ್ನೂ ನೋಡಿಯೇ ಇಲ್ಲ. ನೋಡಿ ಬಾ ಎಂದು ದೂತಿಯನ್ನು ಕಳಿಸುತ್ತಾಳೆ. ಹೋದವಳು ಹೇಸಿಕೊಂಡು ಬರುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಮಾವುತ. ಹಲ್ಲು, ಕಣ್ಣು, ಕೈಕಾಲು ಒಂದೂ ನೆಟ್ಟಗಿಲ್ಲ. ಆ ಕುರೂಪವನ್ನು ಜನ್ನ ಅಂಗಾಂಗ ಎಣಿಸಿ ವರ್ಣಿಸುತ್ತಾನೆ. ರಾಣಿ ಜಗ್ಗುವುದಿಲ್ಲ. ಒಲಿದ ಮೇಲೆ ರೂಪದ ಮಾತೇಕೆ ಎಂಬುದು ಅವಳ ವಾದ. ನಮ್ಮ ಕಾವ್ಯಗಳಲ್ಲಿ ಗಂಡಸರು ಹೆಣ್ಣನ್ನು ಕಣ್ಣಿನಿಂದ ಪ್ರೀತಿಸಿದ್ದಕ್ಕೆ ಸಾವಿರಾರು ಪದ್ಯಗಳಿವೆ, ನಖದಿಂದ ಶಿಖದವರೆಗೆ. ಕಿವಿಯಿಂದ ಪ್ರೀತಿಸಿದವಳು ಇವಳು. ಅಹಿಂಸೆಯ ಉಪದೇಶಕ್ಕೆಂದು ಹೊರಟ ಕವಿ ಹಾಡು ಕೇಳಿದ ರಾಣಿಯ ಹತ್ತಿರ ತಾನೂ ಒಂದು ಗಳಿಗೆ ನಿಂತು ಕೇಳಿದ್ದಾನೆ ಎಂದು ನನ್ನ ಗುಮಾನಿ.

ಮುಂದಿನ ಭಾಗ ಓದುವುದು ಕಷ್ಟ. ಒಂದು ರಾತ್ರಿ ಅರಸನ ದೆಸೆಯಿಂದ ತಡವಾಗಿ ಹೋದವಳನ್ನು ಮಾವುತ ಕೂದಲು ಹಿಡಿದೆಳೆದು ಹೊಡೆಯುತ್ತಾನೆ. ಪಟ್ಟದರಸಿ ಅವನ ಕಾಲು ಹಿಡಿಯುತ್ತಾಳೆ. ಹಿಂಬಾಲಿಸಿ ಬಂದ ಯಶೋಧರ ಕತ್ತಿಯೆತ್ತಿ, ಮನಸ್ಸು ತಡೆದು, ಹಿಂದಿರುಗುತ್ತಾನೆ. ಮರುದಿನ ಸರಸದ ನೆಪದಲ್ಲಿ ಅವಳನ್ನು ಒಂದು ನೈದಿಲೆ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ರಾತ್ರಿ ಅಷ್ಟು ಪೆಟ್ಟು ತಿಂದೂ ಕಾಲು ಬಿಡದವಳು ಬೆಳಿಗ್ಗೆ ಹೂವಿನೇಟಿಗೆ ಬಿದ್ದಳು! ಇಬ್ಬರಿಗೂ ಇಬ್ಬರದೂ ಗೊತ್ತಾಗುವುದು ಆ ಹೂವಿನಲ್ಲಿಯೇ. ದಾಂಪತ್ಯದ ಮೇಲೆ ಇದಕ್ಕಿಂತ ಚೂಪಾದ ದೃಶ್ಯ ಹಳಗನ್ನಡದಲ್ಲಿ ನಾನಂತೂ ಓದಿಲ್ಲ.

ಈ ಎರಡು ಏಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಪ್ಸರೆಯರ ಗುಟ್ಟೂ ಬಿಚ್ಚಿಕೊಳ್ಳುತ್ತದೆ. ಅರಸ ಇವಳನ್ನು ಬಯಸುತ್ತಾನೆ, ಆದ್ದರಿಂದ ಅವನ ಮೇಲೆ ಇವಳ ಹಿಡಿತ. ಇವಳು ಮಾವುತನನ್ನು ಬಯಸುತ್ತಾಳೆ, ಆದ್ದರಿಂದ ಇವಳ ಮೇಲೆ ಅವನ ಹಿಡಿತ. ಯಾರಿಗೆ ಬೇಕಾಗಿದೆಯೋ ಅವರೇ ಸೋತವರು. ಮೇನಕೆ ಗೆದ್ದದ್ದು ಅವಳಿಗೆ ಅಲ್ಲಿ ಏನೂ ಬೇಕಾಗಿರಲಿಲ್ಲವಾದ್ದರಿಂದ. ಕವಿಗಳು ಬೆರಗಾಗಿ ಹೊಗಳಿದ ಹೆಣ್ಣಿನ ಶಕ್ತಿ ಎಂದರೆ, ಬಿಡಿಸಿ ನೋಡಿದರೆ, ಆಸೆಯಿಲ್ಲದ ಹೆಣ್ಣಿನ ಶಕ್ತಿ. ಆಸೆ ಹುಟ್ಟಿತೋ, ಆಯುಧ ಅವಳ ಕೈ ಬಿಟ್ಟಿತು.

ಅಮೃತಮತಿ ಸಾಧ್ವಿಯೆಂದು ನಾನು ವಾದಿಸುತ್ತಿಲ್ಲ. ಗಂಡನಿಗೂ ಅತ್ತೆಗೂ ವಿಷವಿಟ್ಟವಳು ಅವಳು. ಅದಕ್ಕೆ ಕಾವ್ಯ ಕೊಡುವ ಶಿಕ್ಷೆ ಕುಷ್ಠ, ಆಮೇಲೆ ನರಕ. ಯಶೋಧರನೂ ಅವನ ತಾಯಿಯೂ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ನವಿಲಾಗಿ ನಾಯಾಗಿ ಮೀನಾಗಿ ಆಡಾಗಿ ಹುಟ್ಟಿ ಸತ್ತು ಬಳಲಿ, ಕೊನೆಗೆ ಮನುಷ್ಯರಾಗಿ ಬಂದು ದಾರಿ ಕಂಡುಕೊಳ್ಳುತ್ತಾರೆ. ರಾಣಿಗೆ ಅಂಥ ಸುತ್ತುದಾರಿಯೂ ಇಲ್ಲ. ಅವಳನ್ನು ಹೊಸ ಬೆಳಕಿನಲ್ಲಿ ನಿಲ್ಲಿಸಲು ಏಳೆಂಟು ಶತಮಾನ ಕಳೆದು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆಯಬೇಕಾಯಿತು.

ಇದೇ ಜನ್ನ 1230ರಲ್ಲಿ ಅನಂತನಾಥ ಪುರಾಣ ಬರೆದ. ಅದರಲ್ಲಿ ಚಂಡಶಾಸನನೆಂಬ ಅರಸ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಒಲಿಯಲಿಲ್ಲ. ಗಂಡ ಸತ್ತನೆಂದು ನಂಬಿಸಲು ಮಾಯೆಯ ತಲೆಯೊಂದನ್ನು ತಂದು ತೋರಿಸಿದಾಗ ಅವಳ ಪ್ರಾಣವೇ ಹೋಯಿತು. ಆಗ ಚಂಡಶಾಸನ ಅವಳ ಹೆಣವನ್ನು ತಬ್ಬಿಕೊಂಡು ಚಿತೆಯಲ್ಲಿ ಸುಟ್ಟುಹೋದ. ವಿಮರ್ಶಕರು ಇದನ್ನು ದುರಂತ ಪ್ರೇಮದ ಎತ್ತರವೆಂದು ಕೊಂಡಾಡಿದ್ದಾರೆ. ನಾನೂ ಓದಿ ಕಣ್ಣೊರೆಸಿಕೊಂಡಿದ್ದೇನೆ. ಆದರೆ ಒಬ್ಬಳ ಹುಚ್ಚು ಪ್ರೀತಿಗೆ ಕುಷ್ಠ, ಒಬ್ಬನ ಹುಚ್ಚು ಪ್ರೀತಿಗೆ ಚಿತೆಯ ವೈಭವ ಎಂಬ ಲೆಕ್ಕ ಗುಮಾಸ್ತೆಯಾದ ನನಗೆ ತಾಳೆಯಾಗುವುದಿಲ್ಲ.

ಸ್ವಂತಕ್ಕೊಂದು ರಾಜ್ಯವೇ ಇದ್ದರೆ? ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆ ಸ್ತ್ರೀರಾಜ್ಯದ ಒಡತಿ. ಯಜ್ಞದ ಕುದುರೆಯನ್ನು ಕಟ್ಟಿಹಾಕಿ ಅರ್ಜುನನನ್ನೇ ಹೈರಾಣು ಮಾಡುತ್ತಾಳೆ. ಇನ್ನು ಆಗದು ಎನ್ನುವ ಹೊತ್ತಿಗೆ ಆಕಾಶವಾಣಿಯಾಗುತ್ತದೆ: ಇವಳನ್ನು ಮದುವೆಯಾಗು. ಗಂಡಸು ಗೆಲ್ಲಲಾರದ ಯುದ್ಧಕ್ಕೆ ಆಕಾಶದಿಂದ ಲಗ್ನಪತ್ರಿಕೆ ಬರುವ ಏರ್ಪಾಡು ಆಗಲೂ ಇತ್ತು. ಅಕ್ಕಮಹಾದೇವಿ ಇದನ್ನೆಲ್ಲ ಮೊದಲೇ ಊಹಿಸಿದವಳಂತೆ, ತನ್ನನ್ನು ಬಯಸಿದ ಅರಸ ಕೌಶಿಕನ ಮುಂದೆ ಕರಾರು ಇಟ್ಟಳು. ಹರಿಹರನ ರಗಳೆಯ ಪ್ರಕಾರ ಅವನು ಮಾತಿಗೆ ತಪ್ಪಿದ ಮೇಲೆ ಎಲ್ಲ ಬಿಸುಟು ಹೊರಟೇಹೋದಳು. ಅವಳಿಗೂ ಆಸೆಯಿತ್ತು, ಬೇಕಾದಷ್ಟಿತ್ತು. ಅದರ ವಿಳಾಸ ಮಾತ್ರ ಶ್ರೀಶೈಲದ್ದು. ಕೌಶಿಕನಿಂದ ಬೇಕಾದದ್ದು ಏನೂ ಇಲ್ಲವಾದ್ದರಿಂದ ಅರಸನ ಕೈಯಲ್ಲಿ ಅವಳನ್ನು ಕಟ್ಟುವ ಹಗ್ಗವೇ ಇರಲಿಲ್ಲ.

ಆಸೆಯೂ ಹೆಣ್ಣಿನದೇ, ಹಿಡಿತವೂ ಹೆಣ್ಣಿನದೇ ಆಗಿರುವ ಕಾವ್ಯ ಎಲ್ಲಿಯೂ ಇಲ್ಲವೇ ಎಂದು ಹುಡುಕಿದರೆ ತಂಜಾವೂರಿನವರೆಗೆ ಹೋಗಬೇಕಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಳು. ರಾಧೆ ತಾನೇ ಸಾಕಿ ಬೆಳೆಸಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟು, ಆಮೇಲೆ ಹೊಟ್ಟೆಕಿಚ್ಚಿನಿಂದ ಬೇಯುತ್ತಾಳೆ. ತನಗೇನು ಬೇಕೆಂದು ಅವಳಿಗೆ ಗೊತ್ತು, ಅದನ್ನು ಬಾಯಿಬಿಟ್ಟು ಹೇಳುವುದೂ ಗೊತ್ತು. ಕಾಲು ಹಿಡಿದು ಸಮಾಧಾನ ಮಾಡುವ ಸರದಿ ಕೃಷ್ಣನದು. ಬರೆದವಳಿಗೆ ಅಳುಕಿಲ್ಲ, ತನ್ನ ಹೆತ್ತವರು, ಅಜ್ಜಿ, ವಿದ್ಯೆ ಎಲ್ಲದರ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ.

ಈ ಕಾವ್ಯವನ್ನು ಧೂಳಿನಿಂದ ಎತ್ತಿ ತಂದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಅದಕ್ಕೂ ಮೊದಲು ಅಚ್ಚಾಗಿದ್ದ ಪ್ರತಿಯಲ್ಲಿ ಬೇಕಾದದ್ದನ್ನೆಲ್ಲ ಕತ್ತರಿಸಿದ್ದರು. ಆಕೆ ಹಸ್ತಪ್ರತಿ ಹುಡುಕಿ 1910ರಲ್ಲಿ ಪೂರ್ತಿ ಅಚ್ಚು ಹಾಕಿಸಿದರು. ಹೆಣ್ಣಾದವಳು ಇಂಥದ್ದನ್ನು ಬರೆಯಬಹುದೇ ಎಂದು ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಮುಖ ಸಿಂಡರಿಸಿದ್ದರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಮೀಸಲೋ, ಗಂಡಸರು ಬರೆದ ಶೃಂಗಾರಕ್ಕೆ ಅದು ಬೇಡವೋ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಅದಕ್ಕೆ ಉತ್ತರ ಬಂದದ್ದು ಪೊಲೀಸರ ಮೂಲಕ. 1911ರಲ್ಲಿ ಬ್ರಿಟಿಷ್ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ನಿಷೇಧ ತೆರವಾದದ್ದು 1947ರಲ್ಲಿ. ಮೇನಕೆ ರಂಭೆಯರ ಕಥೆಯನ್ನು ನೆಮ್ಮದಿಯಿಂದ ಓದುತ್ತಿದ್ದ ದೇಶದಲ್ಲಿ ಒಬ್ಬಳು ರಾಧೆಗೆ ಸರಕಾರವೇ ಬೆಚ್ಚಿಬಿತ್ತು.

ಪುಸ್ತಕ ಅಚ್ಚು ಹಾಕಿಸುವ ಅನುಕೂಲವಿಲ್ಲದ ಹೆಂಗಸರು ಬೇರೆ ದಾರಿ ಹಿಡಿದರು: ಕಥೆ ಹೇಳಿದರು. ಅಂಥ ಜನಪದ ಕಥೆಗಳಿಂದಲೇ ಕಾರ್ನಾಡರ ನಾಗಮಂಡಲ ಹುಟ್ಟಿದ್ದು, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳು ಅವು. ಅಪ್ಪಣ್ಣ ತನ್ನ ಹೆಂಡತಿಯನ್ನು, ರಾಣಿ ಎಂಬುದು ಅವಳ ಹೆಸರು, ಒಳಗೆ ಕೂಡಿ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಗಂಡನ ವಶೀಕರಣಕ್ಕೆಂದು ಕುರುಡವ್ವ ಕೊಟ್ಟ ಬೇರನ್ನು ರಾಣಿ ಅರೆದು ಸಾರಿಗೆ ಹಾಕುತ್ತಾಳೆ. ಅದು ಕೆಂಪಗೆ ಕುದಿದದ್ದು ನೋಡಿ ಹೆದರಿ ಹುತ್ತಕ್ಕೆ ಚೆಲ್ಲುತ್ತಾಳೆ. ಹುತ್ತದ ನಾಗ ಒಲಿದು, ರಾತ್ರಿಯಾದರೆ ಅಪ್ಪಣ್ಣನ ರೂಪದಲ್ಲಿ ಬರತೊಡಗುತ್ತದೆ. ಹಗಲಿನ ಗಂಡ ಗದರುತ್ತಾನೆ, ರಾತ್ರಿಯ ಗಂಡ ಮುದ್ದು ಮಾಡುತ್ತಾನೆ. ಕೊನೆಗೆ ಬಸುರಿಯಾಗಿ ಪಂಚಾಯಿತಿಯ ಮುಂದೆ ಹಾವು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಅಕ್ಷರಶಃ ಸತ್ಯ. ಊರೆಲ್ಲ ಅವಳ ಕಾಲಿಗೆ ಬೀಳುತ್ತದೆ, ಅಪ್ಪಣ್ಣನೂ ಬೀಳುತ್ತಾನೆ.

ಈ ನಾಟಕಕ್ಕೆ ಒಮ್ಮೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಮನೆಗೆ ಬಂದ ಮೇಲೆ ನಾನು ಕಲಿತವಳ ಗತ್ತಿನಲ್ಲಿ, “ಪಾಪ, ರಾಣಿಗೆ ಕೊನೇ ತನಕ ಏನೂ ಗೊತ್ತಿರಲಿಲ್ಲ ಅಲ್ವಾ ಅತ್ತೆ, ಅದಕ್ಕೇ ಅವಳ ಮೇಲೆ ತಪ್ಪಿಲ್ಲ” ಎಂದೆ. ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಲೂ ಇಲ್ಲ.

“ಗೊತ್ತಿರಲಿಲ್ಲ ಅಂತ ಊರಿನವರಿಗೆ ಹೇಳೋದು ಮಾರಾಯ್ತಿ. ಮುಟ್ಟಿದವನು ಗಂಡನೋ ಅಲ್ಲವೋ ಅಂತ ಹೆಂಡತಿಗೆ ತಿಳಿಯದೆ ಇರ್ತದಾ?” ಎಂದರು. ಆಮೇಲೆ ಮಗ ಪಕ್ಕದ ಕೋಣೆಯಲ್ಲೇ ಇದ್ದಾನೆಂಬುದು ನೆನಪಾಗಿ, ದನಿ ತಗ್ಗಿಸುವ ಬದಲು ಸ್ವಲ್ಪ ಏರಿಸಿಯೇ, “ಹೇಳುವ ಹಾಗೆ ಹೇಳಿದಳು, ಜಾಣೆ” ಎಂದು ಎಲೆ ಮಡಿಸಿ ಬಾಯಿಗಿಟ್ಟರು.