ದೇ ಡೋಂಟ್ ಟೇಕ್ ಶುಗರ್

ಗಿರಿನಗರದ ಸೀತಾ ಸರ್ಕಲ್ ಹತ್ತಿರದ ಒಂದು ಮನೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಯಜಮಾನರ ಹೆಸರು ಯಜಮಾನಿಯ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ‘ಇವರು’, ‘ನಮ್ಮನೆಯವರು’, ಮಗನ ಮುಂದೆ ಸಿಟ್ಟು ಬಂದರೆ ‘ನಿಮ್ಮಪ್ಪ’. ಇಷ್ಟರಲ್ಲೇ ಬದುಕು ಸಾಗಿದೆ.

ಮಗ ಇರುವುದು ಕ್ಯಾಲಿಫೋರ್ನಿಯಾದ ಫ್ರಿಮಾಂಟಿನಲ್ಲಿ. ಇಬ್ಬರೂ ಅಲ್ಲಿಗೆ ಹೋದಾಗ ಪಕ್ಕದ ಮನೆಯ ಅಮೆರಿಕನ್ ಹೆಂಗಸು ಕಾಫಿಗೆ ಕರೆದಳು. ಅಲ್ಲ, ಕರೆದರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಅದನ್ನು ಮೊದಲೇ ಹೇಳಬೇಕಲ್ಲ. ‘ಹಿ’ ಎನ್ನಲು ಯಜಮಾನಿಗೆ ನಾಲಿಗೆ ಹೊರಳಲಿಲ್ಲ. ಕಟ್ಟಿಕೊಂಡ ಗಂಡನನ್ನು ಪರರ ಮುಂದೆ ‘ಅವನು’ ಅಂದಹಾಗಾಗುವುದಿಲ್ಲವೇ? ‘ದೇ ಡೋಂಟ್ ಟೇಕ್ ಶುಗರ್’ ಎಂದರು. ಎರಡು ಕಪ್ ಕಾಫಿ ಬಂತು. ಎರಡಕ್ಕೂ ಸಕ್ಕರೆ ಇಲ್ಲ. ಗಂಡನಿಗೆ ಕೊಟ್ಟ ಮರ್ಯಾದೆಯನ್ನು ಆಕೆ ಮುಖ ಹಿಂಡಿಕೊಂಡು ಕೊನೆಯ ಗುಟುಕಿನವರೆಗೂ ಕುಡಿದರು.

ಮಗನದು ಬೇರೆ ಪಾಡು. ಅಪ್ಪನನ್ನು ಯಾರಿಗೋ ಪರಿಚಯಿಸುತ್ತ ಸಲೀಸಾಗಿ ‘ಹಿ’ ಎಂದ. ಅಮ್ಮನ ಮುಖ ದಪ್ಪಗಾಯಿತು. ‘ಅಪ್ಪನಿಗೆ ಹಿ ಅಂತೀಯಲ್ಲೋ!’ ‘ಇಂಗ್ಲಿಷಲ್ಲಿ ಅವನಿಗೂ ಅವರಿಗೂ ಒಂದೇ, ಅಮ್ಮ’ ಎಂದ. ‘ಹಾಗಾದರೆ ಅವರಿಗೆ ಇವೆಲ್ಲ ಗೊತ್ತೇ ಇಲ್ಲ ಅನ್ನು’ ಎಂದು ಅಮ್ಮ ತೀರ್ಪು ಕೊಟ್ಟರು.

ಗೊತ್ತಿತ್ತು, ಬಿಟ್ಟುಬಿಟ್ಟರು. ಹಿಂದೆ ಇಂಗ್ಲಿಷಿನಲ್ಲೂ ‘ನೀನು’ ಎನ್ನಲು ‘ದೌ’, ‘ನೀವು’ ಎನ್ನಲು ‘ಯೂ’ ಇತ್ತು. 17ನೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತವರ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಒಂದೇ ಎಂದು, ನ್ಯಾಯಾಧೀಶರನ್ನೂ ‘ದೌ’ ಎಂದೇ ಮಾತಾಡಿಸಿ ಒದೆ ತಿಂದರು. ಆಮೇಲೆ ಗೆದ್ದದ್ದು ‘ಯೂ’. ಹೀಗಾಗಿ ಇಡೀ ಇಂಗ್ಲಿಷ್ ಜಗತ್ತು ತನಗೇ ಅರಿವಿಲ್ಲದೆ ನಾಯಿಯನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದೆ.

ನಮ್ಮ ಲೆಕ್ಕವೇನೂ ಸಲೀಸಲ್ಲ. ಅಪ್ಪ ಬಂದರು, ಅಮ್ಮ ಬಂದಳು. ಅತ್ತೆ ಮಾತ್ರ ಬಂದೇ ಬಂದರು. ರಾಮಾಯಣದ ಸೀತೆ ಕಾಡಿಗೆ ‘ಹೋದಳು’. ಹೀಗಂದರೆ ಯಾರೂ ತಕರಾರು ಮಾಡುವುದಿಲ್ಲ. ಸೀತಾ ಸರ್ಕಲ್ಲಿಗೆ ಎಮ್ಮೆಲ್ಲೆ ‘ಬಂದ’ ಎಂದು ನೋಡಿ! ಪತ್ರಿಕೆಗಳಲ್ಲಿ ಸಚಿವರು ಆಗಮಿಸುತ್ತಾರೆ, ಕಳ್ಳ ಪರಾರಿಯಾಗುತ್ತಾನೆ. ಎರಡೂ ದಡಕ್ಕೆ ಸೇರದವರಿಗೆಂದು ಆತ, ಆಕೆ ಎಂಬ ನಡುಗಡ್ಡೆ ಬೇರೆ. ಇನ್ನು ಮಗು ‘ಅದು’. ಪಕ್ಕದ ಮನೆಯ ಮೊಮ್ಮಗು ಅತ್ತಾಗ ನಮ್ಮ ಯಜಮಾನಿ ಕರುಳು ಚುರುಕ್ಕೆಂದು ‘ಇಟ್ ಈಸ್ ಹಂಗ್ರಿ’ ಎಂದರು. ಮಗುವಿನ ತಾಯಿ ಅದನ್ನು ಎದೆಗವುಚಿಕೊಂಡು ‘ಷಿ’ ಎಂದು ತಿದ್ದಿದಳು. ಆ ಮನೆಯ ನಾಯಿ ಮಾತ್ರ ಮೊದಲ ದಿನದಿಂದಲೂ ‘ಹಿ’. ಯಜಮಾನರಿಗೂ ನಾಯಿಗೂ ಒಂದೇ ಸರ್ವನಾಮವೆಂಬುದು ಆಕೆಯ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಒಂದು ಸಂಜೆ ಆ ನೆರೆಯಾಕೆ ಮಗನನ್ನು ಬೇಲಿಯ ಹತ್ತಿರ ಕರೆದು, ನಿಮ್ಮ ತಂದೆಯನ್ನು ‘ದೇ’ ಎಂದೇ ಕರೆಯಬೇಕೇ ಎಂದು ಮೆಲ್ಲಗೆ ಕೇಳಿದರು. ಗಂಡೆಂದಾಗಲಿ ಹೆಣ್ಣೆಂದಾಗಲಿ ಗುರುತಿಸಿಕೊಳ್ಳದ ಹಲವರು ಅಲ್ಲಿ ತಮ್ಮನ್ನು ‘ದೇ’ ಎನ್ನಿ ಎನ್ನುತ್ತಾರೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರ ವರ್ಷದ ಪದವಾಗಿ ಆರಿಸಿದ್ದೂ ಇದನ್ನೇ. ಮಗ ಕನ್ನಡ ವ್ಯಾಕರಣವನ್ನು ವಿವರಿಸಲು ಬಾಯಿ ತೆರೆದ. ವಾಕಿಂಗ್ ಹೊತ್ತು ಮೀರುತ್ತಿತ್ತು. ‘ಹ್ಞೂಂ’ ಎಂದುಬಿಟ್ಟ.

ಅಂದಿನಿಂದ ಆಕೆ ದಿನವೂ ‘ಹೌ ಆರ್ ದೇ ಟುಡೇ?’ ಎಂದು ವಿಚಾರಿಸುತ್ತಿದ್ದರು. ‘ಎಂಥ ಸಂಸ್ಕಾರ ನೋಡು, ನಿನಗಿಲ್ಲ’ ಎಂದು ಅಮ್ಮ ಮಗನಿಗೆ ಚುಚ್ಚಿದರು.

ಮೊಮ್ಮಗನ ಕನ್ನಡವೆಲ್ಲ ಅವನಮ್ಮ ಅವನನ್ನು ಮಾತಾಡಿಸುವ ಕನ್ನಡ. ಅದರಲ್ಲಿ ‘ನೀವು’ ಇಲ್ಲವೇ ಇಲ್ಲ. ಇವರು ಗಿರಿನಗರಕ್ಕೆ ವಾಪಸಾದ ಮೇಲೆ ವಿಡಿಯೋ ಕಾಲ್‌ನಲ್ಲಿ ‘ತಾತಾ, ಎಲ್ಲಿದ್ದೀಯ?’ ಎಂದು ಕೂಗಿದ. ‘ಎಲ್ಲಿದ್ದೀರಾ ಅನ್ನು’ ಎಂದು ಅವನಮ್ಮ ಗದರಿದಳು. ದೊಡ್ಡವರಿಗೆ ಬನ್ನಿ, ಹೋಗಿ, ಕೂತ್ಕೊಳ್ಳಿ ಎಂದು ಸ್ಥಳದಲ್ಲೇ ಪಾಠವೂ ಆಯಿತು. ಹುಡುಗ ಎಲ್ಲವನ್ನೂ ಶ್ರದ್ಧೆಯಿಂದ ಒಪ್ಪಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ನಾಯಿ ಒಳಗೆ ನುಗ್ಗಿತು. ತನಗಿಂತ ದೊಡ್ಡದೇ. ಹುಡುಗ ಎದ್ದು ನಿಂತು ‘ಬನ್ನಿ, ಕೂತ್ಕೊಳ್ಳಿ’ ಎಂದ.

ನಾಯಿಗೆ ಕನ್ನಡ ಬರುವುದಿಲ್ಲ. ನಿಂತೇ ಇತ್ತು.