ಯಾವ ಸರ್ಕಾರದಾಗ?

ನಿರಾಶ್ರಿತರ ಪುನರ್ವಸತಿಯ ನಮ್ಮ ಆರ್.ಎಚ್. ಕ್ಯಾಂಪಿನಲ್ಲಿ ಅವರಿಗೆ ಆಡಿಟರ್ ಎಂದೇ ಹೆಸರು. ಲೆಕ್ಕಪತ್ರ ಓದಿದವರಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಒಂದಿಷ್ಟು ಭತ್ತ, ಬಾಯಿತುಂಬ ರಾಜ್ಯದ ಖಜಾನೆ. ಬೆಳಿಗ್ಗೆ ದಾದಾನ ಹೋಟೆಲಿಗೆ ಬಂದು ಮಂಡಾಳ ಒಗ್ಗರಣಿ, ಮಿರ್ಚಿ ಹೇಳಿ ಪೇಪರ್ ಬಿಚ್ಚಿದರೆಂದರೆ ಮಧ್ಯಾಹ್ನದವರೆಗೆ ಆಡಿಟ್ ನಡೆಯುತ್ತದೆ.

ಹಗರಣದ ಸುದ್ದಿ ಯಾರು ಎತ್ತಿದರೂ ಅವರು ಎಷ್ಟು ಕೋಟಿ ಎಂದು ಕೇಳುವುದಿಲ್ಲ. "ಯಾವ ಸರ್ಕಾರದಾಗ ಆಗಿದ್ದು?" ಎನ್ನುತ್ತಾರೆ. ತಮ್ಮವರ ಕಾಲದ್ದಾದರೆ, "ತಾಂತ್ರಿಕ ಲೋಪ ರೀ, ದೊಡ್ಡ ಆಡಳಿತ ಅಂದಮ್ಯಾಲ ಹಿಂದ-ಮುಂದ ಆಗ್ತದ." ಎದುರಿನವರದ್ದಾದರೆ ಮಿರ್ಚಿ ತಟ್ಟೆ ಎಗರುವಂತೆ ಟೇಬಲ್ ಗುದ್ದಿ, "ಬಡವರ ರೊಕ್ಕ ರೀ! ದಕ್ಕೂದಿಲ್ಲ ಅವ್ರಿಗೆ!" ಅವರ ಪಕ್ಷ ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಎದ್ದುಹೋಗುತ್ತಾರೆ.

2022ರ ಏಪ್ರಿಲ್‌ನಲ್ಲಿ ಸಚಿವರ ಮೇಲೆ ಕಮಿಷನ್ ಆರೋಪ ಹೊರಿಸಿದ್ದ ಗುತ್ತಿಗೆದಾರ ಸಂತೋಷ್ ಪಾಟೀಲ್ ಉಡುಪಿಯಲ್ಲಿ ಸತ್ತರು. ಸಚಿವ ಈಶ್ವರಪ್ಪ ರಾಜೀನಾಮೆ ಕೊಟ್ಟರು, ಮುಂದೆ ಪೊಲೀಸರು ಬಿ ರಿಪೋರ್ಟ್ ಹಾಕಿದರು. ಸರ್ಕಾರ ಬದಲಾದ ಮೇಲೆ, 2024ರ ಮೇ ತಿಂಗಳಲ್ಲಿ ವಾಲ್ಮೀಕಿ ನಿಗಮದ ಅಧಿಕಾರಿ ಚಂದ್ರಶೇಖರನ್ ನಿಗಮದ ಹಣ ಅಕ್ರಮವಾಗಿ ವರ್ಗವಾಯಿತೆಂದು ಬರೆದಿಟ್ಟು ಶಿವಮೊಗ್ಗದಲ್ಲಿ ಸತ್ತರು. ಸಚಿವ ನಾಗೇಂದ್ರ ರಾಜೀನಾಮೆ ಕೊಟ್ಟರು. ಆಡಿಟರಿಗೆ ಇವೆರಡರಲ್ಲಿ ಒಂದು ತಾರೀಖು ಸಮೇತ ಬಾಯಿಪಾಠ, ಇನ್ನೊಂದರ ನೆನಪೇ ಇಲ್ಲ. ಪಕ್ಕದ ಟೇಬಲಿನವರದು ತಿರುಗುಮುರುಗು. ಎರಡೂ ಟೇಬಲ್ ಜೋಡಿಸಿದರೆ ಇತಿಹಾಸ ಪೂರ್ತಿಯಾಗುತ್ತದೆ, ಆದರೆ ಯಾರೂ ಎಳೆಯಲೊಲ್ಲರು.

ವಾಲ್ಮೀಕಿ ನಿಗಮದ ವಿಷಯದಲ್ಲಂತೂ ಜಗಳ ಅಂಕಿಗೆ ಬಂದು ನಿಂತಿತು. ಒಬ್ಬರು 187 ಕೋಟಿ ಎಂದರು. ಮುಖ್ಯಮಂತ್ರಿಗಳು ಸದನದಲ್ಲಿ ಅಷ್ಟಲ್ಲ, 89.63 ಕೋಟಿ ಎಂದ ಮೇಲೆ ಇನ್ನೊಬ್ಬರಿಗೆ ಗೆದ್ದ ಸಂಭ್ರಮ. ಆಗದ ಕಳವಿನ ಬಗ್ಗೆ ವಾರಗಟ್ಟಲೆ ವಾದ. ಹೈದರಾಬಾದಿನ ಖಾತೆಗಳಿಗೆ ಹರಿದ 89 ಕೋಟಿಯನ್ನು ಕೇಳುವವರಿಲ್ಲ. ಆಗ ನಿಗಮದ ಅಧ್ಯಕ್ಷರಾಗಿದ್ದವರು ನಮ್ಮದೇ ಜಿಲ್ಲೆಯ ಶಾಸಕರು. ಅದೇ ನಿಗಮದ ಗಂಗಾ ಕಲ್ಯಾಣ ಯೋಜನೆಯ ಬೋರ್‌ವೆಲ್ಲಿಗೆ ಅರ್ಜಿ ಹಾಕಿ ಕೂತವರು ಮಸ್ಕಿ, ಲಿಂಗಸುಗೂರು ಕಡೆ ಬೇಕಾದಷ್ಟಿದ್ದಾರೆ. ಅವರಲ್ಲೊಬ್ಬ ಈ ವಾದ ನಡೆಯುವಾಗಲೇ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ಅವನನ್ನು ಯಾರೂ ಮಾತಾಡಿಸಲಿಲ್ಲ.

2024ರ ಜುಲೈಯಲ್ಲೇ ನಾಗೇಂದ್ರರನ್ನು ಇ.ಡಿ. ಹಿಡಿಯಿತು, ಹಿಂದಿನ ಸರ್ಕಾರದ ಕಾಲದ ಟ್ರಕ್ ಟರ್ಮಿನಲ್ ಪ್ರಕರಣದಲ್ಲಿ ಆ ಸಂಸ್ಥೆಯ ಮಾಜಿ ಅಧ್ಯಕ್ಷ ಡಿ.ಎಸ್. ವೀರಯ್ಯರನ್ನು ಸಿಐಡಿ ಹಿಡಿಯಿತು. ಆಡಿಟರ್ ಒಂದಕ್ಕೆ "ಕಾನೂನು ತನ್ನ ಕೆಲಸ ಮಾಡ್ತದ" ಎಂದರು, ಇನ್ನೊಂದಕ್ಕೆ "ಸೇಡಿನ ರಾಜಕಾರಣ" ಎಂದರು, ನಡುವೆ ಒಂದು ಮಿರ್ಚಿ ಕಡಿದರು.

ದಾದಾ ಮಾತ್ರ ಬಾಯಿ ಬಿಡುವುದಿಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದು ಇಲ್ಲಿ ನೆಲೆ ಕಂಡ ಮನೆತನ. ದೇಶವೇ ಬದಲಾದದ್ದನ್ನು ಕೇಳಿ ಬೆಳೆದವನಿಗೆ ಸರ್ಕಾರ ಬದಲಾದರೆ ಎಷ್ಟರ ಮಾತು? ಒಮ್ಮೆ ಉದ್ರಿ ಪುಸ್ತಕ ತೆಗೆದು, "ಎರಡೂ ಟೇಬಲಿಂದು ಸೇರಿ 340 ಆಗೈತಿ ನೋಡ್ರಿ" ಎಂದ. ಅಂದು ಮೊದಲ ಬಾರಿಗೆ ಎರಡೂ ಟೇಬಲು ಒಂದಾದವು: "340 ಎಲ್ಲಿಂದ ಬರ್ತದ ದಾದಾ? 160 ಆಗಿರಬೇಕು."

ಆಡಿಟರ್ ಪಕ್ಷ ಮರೆತದ್ದನ್ನೂ ನಾನು ಕಂಡಿದ್ದೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು, ತುಂಬಿದ ಜಲಾಶಯದ ನೀರು ನದಿಗೆ ನುಗ್ಗಿತು. ಗದ್ದೆಗಳಲ್ಲಿ ನಾಟಿ ಮುಗಿದಿತ್ತೋ ಇಲ್ಲವೋ. ಆ ವಾರವಿಡೀ ಅವರು ಕೇಳಿದ್ದು, "ಕಾಲುವಿಗೆ ನೀರು ನಿಲ್ಲಂಗಿಲ್ಲ ಹೌದಿಲ್ಲೋ?" ಅಷ್ಟೇ. ಮಿರ್ಚಿಯನ್ನೂ ಮುಟ್ಟಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಸೋರಿಕೆ ನಿಲ್ಲಿಸಿದ ಸುದ್ದಿ ಬಂದಾಗ ಪಕ್ಕದ ಟೇಬಲಿನವರ ಕೈ ಹಿಡಿದು ಕುಲುಕಿದರು. ಅವರ ಚಹಾದ ರೊಕ್ಕ ತಾವೇ ಕೊಡುತ್ತೇನೆಂದರು, ಪುಸ್ತಕದಲ್ಲಿ ಬರೆಸಿದರು.

ಮರುದಿನ ಪೇಪರ್ ಬಿಚ್ಚಿ, ಕನ್ನಡಕ ಏರಿಸಿ ಶುರು ಮಾಡಿದರು: "ಅದಿರಲಿ ದಾದಾ, ಆ ಚೈನಿಗೆ ಗ್ರೀಸ್ ಹಚ್ಚೂದು ಬಿಟ್ಟಿದ್ದು ಯಾವ ಸರ್ಕಾರದಾಗ?"